ಐಸ್ ಹಾಕಿ ಬೆಟ್ಟಿಂಗ್: ಯಾವುದನ್ನು ಮೊದಲು ನೋಡಬೇಕು, ಹಣ ಯಾವಾಗ ಕಟ್ಟಬೇಕು

"ನಾನು ಬಾಜಿ ಕಟ್ಟಿದ ತಂಡವೇ ಗೆದ್ದಿತು, ಹಣ ಮಾತ್ರ ಬರಲಿಲ್ಲ." ಹಾಕಿ ಋತು ಶುರುವಾದಾಗಲೆಲ್ಲ ಕೆನಡಾದ ಕನ್ನಡಿಗರಿಂದ ಕೇಳಿಬರುವ ದೂರು ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಬಲವಾದ ತಂಡದ ಮೇಲೆಯೇ ಕಟ್ಟುತ್ತೇನೆ, ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು, ಆದರೂ ಲೆಕ್ಕ ಹಾಕಿದರೆ ನಷ್ಟ." ಇವರಲ್ಲಿ ಹಲವರಿಗೆ ಆಟ ಚೆನ್ನಾಗಿಯೇ ಗೊತ್ತಿರುತ್ತದೆ. ತಪ್ಪುವುದು ಕೆಲಸದ ಕ್ರಮ. ಆ್ಯಪ್ ತೆರೆದ ಕೂಡಲೇ ದರ ಕಣ್ಣಿಗೆ ಬೀಳುತ್ತದೆ, ದರ ಕಂಡ ಕೂಡಲೇ ಹಣ ಹೋಗುತ್ತದೆ. ಯಾವ ಮಾರುಕಟ್ಟೆಗೆ, ಅಂದರೆ ಯಾವ ಬಗೆಯ ಬಾಜಿಗೆ ಕಟ್ಟಿದೆ, ಇವತ್ತು ಗೋಲಿನಲ್ಲಿ ನಿಲ್ಲುವವರು ಯಾರು ಎಂಬ ಪ್ರಶ್ನೆಗಳು ಪಂದ್ಯ ಶುರುವಾದ ಮೇಲೆ ಏಳುತ್ತವೆ.

ಈ ಮಾರ್ಗದರ್ಶಿ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್ ಪಂದ್ಯಗಳಿಗೆ ಸಂಬಂಧಿಸಿದ್ದು. ಬೆಟ್ಟಿಂಗ್ ಕಾನೂನುಬದ್ಧವಾಗಿರುವ ಕಡೆ ವಾಸಿಸುವ ವಯಸ್ಕರಿಗಾಗಿ ಬರೆದದ್ದು. ದೀರ್ಘಕಾಲದಲ್ಲಿ ಬಹುಪಾಲು ಜನ ಕಳೆದುಕೊಳ್ಳುತ್ತಾರೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಓದಿ. ಕೆಳಗಿನ ಹಂತಗಳು ಲಾಭದ ಭರವಸೆ ಕೊಡುವುದಿಲ್ಲ. ಅರಿವಿಲ್ಲದೆ ಆಗುವ ನಷ್ಟವನ್ನು ತಡೆಯುತ್ತವೆ, ಅಷ್ಟೇ.

## ಕೈಯಲ್ಲಿ ಇರಬೇಕಾದವು

ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್. ಮೊಬೈಲಿನಲ್ಲಿರುವ ಸಾಮಾನ್ಯ ಕ್ಯಾಲ್ಕ್ಯುಲೇಟರ್. ಆ ದಿನದ ಗೋಲ್‌ಕೀಪರ್‌ಗಳ ಪಟ್ಟಿ ಕೊಡುವ ಒಂದು ತಾಣ. ಇದಕ್ಕೆ ಡೈಲಿ ಫೇಸಾಫ್ ಹೆಚ್ಚು ಬಳಕೆಯಲ್ಲಿದೆ. ತಂಡಗಳ ಅಂಕಿ ಅಂಶಕ್ಕೆ ನ್ಯಾಚುರಲ್ ಸ್ಟ್ಯಾಟ್ ಟ್ರಿಕ್ ಅಥವಾ ಮನಿಪಕ್. ಇವುಗಳ ಜೊತೆಗೆ ಎರಡು ಪರವಾನಗಿ ಪಡೆದ ಸಂಸ್ಥೆಗಳ ದರಪಟ್ಟಿ. ಒಂದೇ ಅಂಗಡಿಯ ಬೆಲೆ ನೋಡಿದರೆ ಅದು ದುಬಾರಿಯೋ ಅಗ್ಗವೋ ತಿಳಿಯುವುದಿಲ್ಲ.

ಹಣ ಕೊಟ್ಟು ಪಡೆಯುವ "ಟಿಪ್ಸ್" ಈ ಪಟ್ಟಿಯಲ್ಲಿ ಇಲ್ಲ. ಬೇಕಾಗಿಯೂ ಇಲ್ಲ.

## ಹಂತ 1: ನೀವಿರುವ ಜಾಗದ ಕಾನೂನು ಖಚಿತಪಡಿಸಿಕೊಳ್ಳಿ

ಒಂಟಾರಿಯೊ ಪ್ರಾಂತ್ಯದಲ್ಲಿ 2022ರ ಏಪ್ರಿಲ್ 4ರಿಂದ ಖಾಸಗಿ ಸಂಸ್ಥೆಗಳೂ ಪರವಾನಗಿ ಪಡೆದು ಆನ್‌ಲೈನ್ ಬೆಟ್ಟಿಂಗ್ ನಡೆಸುತ್ತಿವೆ. ಕನಿಷ್ಠ ವಯಸ್ಸು 19. ಯಾವ ಸಂಸ್ಥೆಗೆ ಅನುಮತಿ ಇದೆ ಎಂಬ ಪಟ್ಟಿ ಐಗೇಮಿಂಗ್ ಒಂಟಾರಿಯೊ ತಾಣದಲ್ಲಿ ಸಿಗುತ್ತದೆ. ಜಾಹೀರಾತಿನ ಕೊಂಡಿ ಒತ್ತಿ ಹೋಗುವ ಬದಲು ಆ ಪಟ್ಟಿಯಿಂದಲೇ ಹೋಗಿ. ಬ್ರಿಟಿಷ್ ಕೊಲಂಬಿಯಾದಲ್ಲಿ ಪ್ಲೇನೌ, ಕ್ವಿಬೆಕ್‌ನಲ್ಲಿ ಮೀಝ್-ಓ-ಝೂ ಸರ್ಕಾರಿ ನಿಗಮಗಳು ನಡೆಸುವ ತಾಣಗಳು. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಬಹುತೇಕ ಕಡೆ ವಯಸ್ಸಿನ ಮಿತಿ 21.

ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರಿಗೆ ಸ್ಪಷ್ಟವಾಗಿ ಹೇಳಬೇಕು: ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. "ವಿದೇಶಿ ತಾಣ, ಯುಪಿಐ ಸಾಕು" ಎಂದು ಬರುವ ಸಂದೇಶಗಳನ್ನು ನಂಬಬೇಡಿ. ಅಲ್ಲಿ ಹಣ ಸಿಕ್ಕಿಹಾಕಿಕೊಂಡರೆ ದೂರು ಕೊಡಲು ಯಾವ ಬಾಗಿಲೂ ಇರುವುದಿಲ್ಲ. ಆಟವನ್ನು ಅರಿಯಲು ಈ ಹಂತಗಳನ್ನು ಓದಿ, ಕಾಗದದ ಮೇಲೆ ಅಂದಾಜು ಬರೆದು ನೋಡಿ, ಹಣ ಬೇಡ.

ಟೊರಾಂಟೊದಿಂದ ರಜೆಗೆ ಬೆಂಗಳೂರಿಗೆ ಬರುವವರೂ ಗಮನಿಸಬೇಕಾದ ಸಂಗತಿ ಒಂದಿದೆ. ಆ್ಯಪ್ ನಿಮ್ಮ ಜಾಗವನ್ನು ಪರಿಶೀಲಿಸುತ್ತಲೇ ಇರುತ್ತದೆ. ವಿಪಿಎನ್ ಹಾಕಿ ಅದನ್ನು ದಾಟಲು ಹೋದರೆ ಖಾತೆ ಮುಚ್ಚಿ ಹಣ ತಡೆಹಿಡಿಯಲು ನಿಯಮಾವಳಿಯೇ ದಾರಿ ಕೊಡುತ್ತದೆ.

## ಹಂತ 2: ಇಡೀ ಋತುವಿಗೆ ಒಂದು ಮೊತ್ತ ಗೊತ್ತುಮಾಡಿ

ಎನ್‌ಎಚ್‌ಎಲ್ ಋತು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ಪ್ಲೇಆಫ್ ಸೇರಿಸಿದರೆ ಜೂನ್‌ವರೆಗೆ ಎಳೆಯುತ್ತದೆ. 32 ತಂಡಗಳು. ವಾರದ ಬಹುತೇಕ ರಾತ್ರಿ ಒಂದಲ್ಲ ಒಂದು ಪಂದ್ಯ ಇದ್ದೇ ಇರುತ್ತದೆ. ಇಷ್ಟು ಉದ್ದದ ಋತುವಿನಲ್ಲಿ ದಿನದ ಲೆಕ್ಕ ಇಟ್ಟುಕೊಂಡವರ ಹಣ ನವೆಂಬರ್ ಹೊತ್ತಿಗೇ ಕರಗಿರುತ್ತದೆ.

ಪೂರ್ತಿ ಹೋದರೂ ಮನೆಬಾಡಿಗೆ, ಊರಿಗೆ ಕಳುಹಿಸುವ ಹಣ, ಮಕ್ಕಳ ಖರ್ಚು ಯಾವುದಕ್ಕೂ ತಾಗದ ಮೊತ್ತವನ್ನು ಮಾತ್ರ ತೆಗೆದಿಡಿ. 300 ಡಾಲರ್ ಎಂದಿಟ್ಟುಕೊಳ್ಳೋಣ. ಒಂದು ಬಾಜಿಗೆ ಅದರ ಶೇ 1, ಅಂದರೆ 3 ಡಾಲರ್. ಎಷ್ಟೇ ಖಾತ್ರಿ ಅನ್ನಿಸಿದರೂ ಶೇ 2 ದಾಟಬಾರದು. ಮೊತ್ತ ಸಣ್ಣದು ಎಂದು ನಾಚಿಕೊಳ್ಳುವ ಅಗತ್ಯವಿಲ್ಲ. ಸತತ ಹತ್ತು ಸೋಲು ಹಾಕಿಯಲ್ಲಿ ಅಪರೂಪವೇನಲ್ಲ, ಅದನ್ನು ತಾಳಿಕೊಳ್ಳುವಂತೆ ಇಟ್ಟ ಲೆಕ್ಕ ಇದು.

ಖಾತೆ ತೆರೆದ ದಿನವೇ ಠೇವಣಿ ಮಿತಿಯನ್ನು ಆ್ಯಪ್‌ನಲ್ಲೇ ನಿಗದಿಪಡಿಸಿ. ಮೊದಲ ಬಾಜಿಗಿಂತ ಮುಂಚೆ ಮಾಡಿದರೆ ಮಾತ್ರ ಇದರಿಂದ ಪ್ರಯೋಜನ. ಸೋತ ರಾತ್ರಿ ಯಾರ ಕೈಯೂ ಆ ಗುಂಡಿಯ ಕಡೆ ಹೋಗುವುದಿಲ್ಲ. ಹಣ ತುಂಬಲು ಕ್ರೆಡಿಟ್ ಕಾರ್ಡ್ ಬೇಡ. ಅನೇಕ ಬ್ಯಾಂಕುಗಳು ಅದನ್ನು ನಗದು ಮುಂಗಡವೆಂದು ಪರಿಗಣಿಸಿ ಮೊದಲ ದಿನದಿಂದಲೇ ಬಡ್ಡಿ ಹಾಕುತ್ತವೆ.

## ಹಂತ 3: ಗಡಿಯಾರ ಎಲ್ಲಿ ನಿಲ್ಲುತ್ತದೆ ಎಂದು ನೋಡಿ

ಮೊದಲ ದೂರಿಗೆ ಉತ್ತರ ಇಲ್ಲಿದೆ. ಹೆಚ್ಚು ಜನ ಎಡವುವುದೂ ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಐಸ್ ಹಾಕಿ ಪಂದ್ಯ ತಲಾ 20 ನಿಮಿಷಗಳ ಮೂರು ಅವಧಿಗಳಲ್ಲಿ ನಡೆಯುತ್ತದೆ. 60 ನಿಮಿಷಕ್ಕೆ ಅಂಕ ಸಮವಾದರೆ ಲೀಗ್ ಹಂತದಲ್ಲಿ 5 ನಿಮಿಷದ ಓವರ್‌ಟೈಮ್. ಆಗ ಎರಡೂ ಕಡೆ ಗೋಲ್‌ಕೀಪರ್ ಬಿಟ್ಟು ಮೂವರೇ ಆಟಗಾರರು, ಮೊದಲ ಗೋಲು ಹೊಡೆದವರಿಗೆ ಗೆಲುವು. ಅಲ್ಲಿಯೂ ತೀರ್ಮಾನವಾಗದಿದ್ದರೆ ಶೂಟೌಟ್, ಅಂದರೆ ಒಬ್ಬೊಬ್ಬರಾಗಿ ಬಂದು ಗೋಲ್‌ಕೀಪರ್ ಎದುರು ಹೊಡೆಯುವುದು. ಪ್ಲೇಆಫ್‌ನಲ್ಲಿ ಶೂಟೌಟ್ ಇಲ್ಲ. ಗೋಲು ಬರುವ ತನಕ ಐವರು ಐವರ ಎದುರು 20 ನಿಮಿಷಗಳ ಅವಧಿಗಳು ಮುಂದುವರಿಯುತ್ತವೆ.

ಲೀಗ್ ಹಂತದಲ್ಲಿ ಸರಿಸುಮಾರು ನಾಲ್ಕೈದು ಪಂದ್ಯಗಳಲ್ಲಿ ಒಂದು 60 ನಿಮಿಷ ದಾಟುತ್ತದೆ. ಆ ಒಂದು ಪಂದ್ಯದಲ್ಲಿ ನಿಮ್ಮ ಬಾಜಿಯ ಗತಿ ಏನು ಎಂಬುದನ್ನು ನೀವು ಒತ್ತಿದ ಮಾರುಕಟ್ಟೆ ನಿರ್ಧರಿಸುತ್ತದೆ.

ಮನಿಲೈನ್. ಯಾರು ಗೆಲ್ಲುತ್ತಾರೆ ಎಂಬುದಷ್ಟೇ ಪ್ರಶ್ನೆ. ಓವರ್‌ಟೈಮ್, ಶೂಟೌಟ್ ಎರಡೂ ಲೆಕ್ಕಕ್ಕೆ ಬರುತ್ತವೆ. ಹೊಸಬರಿಗೆ ಮೊದಲ ಋತುವಿನಲ್ಲಿ ಇದೊಂದೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರು ಆಯ್ಕೆಯ ಮಾರುಕಟ್ಟೆ. ಆತಿಥೇಯ ತಂಡ, ಡ್ರಾ, ಪ್ರವಾಸಿ ತಂಡ ಎಂದು ಮೂರು ದರಗಳಿರುತ್ತವೆ. ಇದು 60 ನಿಮಿಷಕ್ಕೆ ಮುಗಿಯುತ್ತದೆ. ನಿಮ್ಮ ತಂಡ ಓವರ್‌ಟೈಮ್‌ನಲ್ಲಿ ಗೆದ್ದರೂ ನಿಮ್ಮ ಬಾಜಿ ಸೋತಂತೆಯೇ, ಏಕೆಂದರೆ 60 ನಿಮಿಷದ ಫಲಿತಾಂಶ ಡ್ರಾ. ಜನ ಇದಕ್ಕೆ ಬೀಳುವುದು ದರ ನೋಡಿ. ಮನಿಲೈನ್‌ನಲ್ಲಿ 1.85 (ಒಂದು ಡಾಲರ್ ಕಟ್ಟಿ ಗೆದ್ದರೆ 1.85 ಡಾಲರ್ ಕೈಗೆ ಬರುತ್ತದೆ ಎಂದರ್ಥ) ಇರುವ ತಂಡಕ್ಕೆ ಇಲ್ಲಿ 2.40 ಕಾಣಿಸಬಹುದು. ಅದೇ ತಂಡ, ಅದೇ ಪಂದ್ಯ, ಹೆಚ್ಚು ಹಣ! ಹೆಚ್ಚು ಕೊಡುವುದು ಡ್ರಾದ ಅಪಾಯವನ್ನು ನಿಮ್ಮ ತಲೆಗೆ ಕಟ್ಟಿರುವುದರಿಂದ.

ಪಕ್ ಲೈನ್. (ಪಕ್ ಎಂದರೆ ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ.) ಬಲವಾದ ತಂಡಕ್ಕೆ −1.5, ಎದುರಾಳಿಗೆ +1.5. ಮೊದಲನೆಯದು ಗೆಲ್ಲಲು ಕನಿಷ್ಠ ಎರಡು ಗೋಲುಗಳ ಅಂತರ ಬೇಕು. ಓವರ್‌ಟೈಮ್ ಗೆಲುವಿನ ಅಂತರ ಯಾವತ್ತೂ ಒಂದೇ ಗೋಲು. ಹಾಗಾಗಿ ಪಂದ್ಯ ಓವರ್‌ಟೈಮ್‌ಗೆ ಹೋದ ಕ್ಷಣವೇ −1.5 ಸೋತಿತು, +1.5 ಗೆದ್ದಿತು, ಮುಂದೆ ಯಾರು ಗೆದ್ದರೂ ಅದು ಬದಲಾಗದು.

ಟೋಟಲ್. ಎರಡೂ ತಂಡಗಳ ಒಟ್ಟು ಗೋಲುಗಳು ಒಂದು ಗೆರೆಗಿಂತ ಹೆಚ್ಚೋ ಕಡಿಮೆಯೋ. ಗೆರೆ ಸಾಮಾನ್ಯವಾಗಿ 5.5, 6 ಅಥವಾ 6.5. ಗೆರೆ 6 ಇದ್ದು ಸರಿಯಾಗಿ ಆರು ಗೋಲು ಬಂದರೆ ಕಟ್ಟಿದ ಹಣ ವಾಪಸ್. ಶೂಟೌಟ್‌ನಲ್ಲಿ ಎಷ್ಟು ಪಕ್ ಒಳಗೆ ಹೋದರೂ ಗೆದ್ದ ತಂಡಕ್ಕೆ ಸೇರುವುದು ಒಂದೇ ಗೋಲು. 2-2ರಲ್ಲಿ 60 ನಿಮಿಷ ಮುಗಿದರೆ ಅಂತಿಮ ಅಂಕ 3-2, ಒಟ್ಟು ಐದು, 5.5 ಕೆಳಗೆ ಎಂದು ಕಟ್ಟಿದವರು ಆಗಲೇ ಗೆದ್ದಾಯಿತು. 3-3 ಆದರೆ ಒಟ್ಟು ಏಳು ಖಾಯಂ, 6.5 ಮೇಲೆ ಎಂದವರಿಗೆ ಗೆಲುವು. ಕೆಲವು ಸಂಸ್ಥೆಗಳು 60 ನಿಮಿಷಕ್ಕಷ್ಟೇ ಸೀಮಿತವಾದ ಟೋಟಲ್ ಕೂಡ ಇಡುತ್ತವೆ. ಶೀರ್ಷಿಕೆಯ ಕೆಳಗಿನ ಸಣ್ಣ ಅಕ್ಷರ ಓದದೆ ಒತ್ತಬೇಡಿ.

ಕೊನೆಯ ಎರಡು ನಿಮಿಷಗಳನ್ನು ಪ್ರತ್ಯೇಕವಾಗಿ ಅರ್ಥಮಾಡಿಕೊಳ್ಳಬೇಕು. ಅಂಕ 3-2, ಗಡಿಯಾರದಲ್ಲಿ ಒಂದೂ ಮುಕ್ಕಾಲು ನಿಮಿಷ ಉಳಿದಿದೆ. ಹಿಂದಿರುವ ತಂಡದ ಕೋಚ್ ಕೈ ಬೀಸುತ್ತಾರೆ, ಗೋಲ್‌ಕೀಪರ್ ಗೋಲು ಬಿಟ್ಟು ಬೆಂಚಿನ ಕಡೆ ಓಡುತ್ತಾರೆ, ಅವರ ಜಾಗಕ್ಕೆ ಆರನೆಯ ದಾಳಿಗಾರ ಇಳಿಯುತ್ತಾರೆ. ಸಮಗೊಳಿಸಲು ಇದು ಒಳ್ಳೆಯ ಅವಕಾಶ. ಆದರೆ ಪಕ್ ಎದುರಾಳಿಯ ಕೋಲಿಗೆ ಸಿಕ್ಕರೆ ಅರ್ಧ ಅಂಗಳದಾಚೆಯಿಂದ ಹೊಡೆದರೂ ಖಾಲಿ ಗೋಲಿಗೆ ಬೀಳುತ್ತದೆ: 4-2. ಆ ಒಂದು ಹೊಡೆತದಿಂದ −1.5 ಬಾಜಿ ಗೆಲ್ಲುತ್ತದೆ, 5.5 ಕೆಳಗೆ ಎಂಬ ಬಾಜಿ ಸಾಯುತ್ತದೆ, ಮನಿಲೈನ್‌ಗೆ ಏನೂ ಆಗುವುದಿಲ್ಲ. ಒಂದು ಗೋಲಿನ ಮುನ್ನಡೆ ಎರಡಾಗುವುದು ಹೆಚ್ಚಾಗಿ ಹೀಗೆ. "ಹಣೆಬರಹ" ಎಂದು ಬೈದುಕೊಳ್ಳುವ ಸಂಗತಿ ಇದಲ್ಲ. ಪಕ್ ಲೈನ್ ಮತ್ತು ಟೋಟಲ್ ದರಗಳಲ್ಲಿ ಇದು ಮೊದಲೇ ಸೇರಿರುತ್ತದೆ.

ವಿಶ್ವ ಚಾಂಪಿಯನ್‌ಷಿಪ್, ಒಲಿಂಪಿಕ್ಸ್ ಪಂದ್ಯಗಳಲ್ಲಿ ಅಂಕಪದ್ಧತಿಯೂ ಓವರ್‌ಟೈಮ್ ನಿಯಮವೂ ಬೇರೆ. ಆ ಪಂದ್ಯಗಳ ಮುನ್ನ ನಿಯಮಪುಟ ಹೊಸದಾಗಿ ಓದಿ.

## ಹಂತ 4: ದರವನ್ನು ಶೇಕಡಾವಾರಿಗೆ ಬದಲಿಸಿ

ಎರಡನೆಯ ದೂರು, ಅಂದರೆ ಹೆಚ್ಚು ಗೆದ್ದರೂ ನಷ್ಟ, ಈ ಲೆಕ್ಕ ಮಾಡದೆ ಇರುವುದರ ಫಲ.

ದಶಮಾಂಶ ದರವಿದ್ದರೆ 1 ಅನ್ನು ಅದರಿಂದ ಭಾಗಿಸಿ. 2.30 ಎಂದರೆ 1 ÷ 2.30, ಅಂದರೆ ಶೇ 43.5. ಅಮೆರಿಕನ್ ಶೈಲಿಯಲ್ಲಿ ಮೈನಸ್ ಚಿಹ್ನೆ ಇದ್ದರೆ ಆ ಸಂಖ್ಯೆಯನ್ನು ಅದಕ್ಕೆ 100 ಸೇರಿಸಿದ ಮೊತ್ತದಿಂದ ಭಾಗಿಸಬೇಕು. −150 ಎಂದರೆ 150 ÷ 250, ಶೇ 60. ಪ್ಲಸ್ ಚಿಹ್ನೆ ಇದ್ದರೆ ಅಂಥದೇ ಮೊತ್ತದಿಂದ 100 ಅನ್ನು ಭಾಗಿಸಬೇಕು. +130 ಎಂದರೆ 100 ÷ 230, ಮತ್ತೆ ಶೇ 43.5.

ಈಗ ಒಂದೇ ಪಂದ್ಯದ ಎರಡು ದರ ಕೂಡಿಸಿ: −150 ಮತ್ತು +130. 60 + 43.5 = 103.5. ನೂರಕ್ಕಿಂತ ಹೆಚ್ಚಿರುವ ಆ ಮೂರೂವರೆಯೇ ಸಂಸ್ಥೆಯ ಪಾಲು. ಅದನ್ನು ತೆಗೆದು ನೋಡಲು 60 ಅನ್ನು 103.5ರಿಂದ ಭಾಗಿಸಿ; ಶೇ 58 ಬರುತ್ತದೆ. ಈ ತಂಡ ಗೆಲ್ಲುವ ಸಾಧ್ಯತೆ ಶೇ 58 ಎಂದು ಮಾರುಕಟ್ಟೆ ನಂಬಿದೆ, ಆದರೆ ನಿಮಗೆ ಮಾರುತ್ತಿರುವುದು ಶೇ 60ರ ಬೆಲೆಗೆ.

ಇದರ ಪರಿಣಾಮವನ್ನು ಡಾಲರಿನಲ್ಲಿ ನೋಡೋಣ. −150 ದರಕ್ಕೆ (150 ಕಟ್ಟಿ ಗೆದ್ದರೆ ಲಾಭ 100) ತಲಾ 15 ಡಾಲರಿನಂತೆ ನೂರು ಬಾಜಿ ಕಟ್ಟಿ 55 ಗೆದ್ದಿರಿ ಎಂದುಕೊಳ್ಳಿ. ಗೆದ್ದ ಪ್ರತಿ ಬಾಜಿಗೆ ಲಾಭ 10 ಡಾಲರ್, ಒಟ್ಟು 550. ಸೋತ 45 ಬಾಜಿಗಳಲ್ಲಿ ತಲಾ 15 ಹೋಗಿ 675. ಅರ್ಧಕ್ಕಿಂತ ಹೆಚ್ಚು ಗೆದ್ದೂ 125 ಡಾಲರ್ ನಷ್ಟ. "ನಾನು ಹೆಚ್ಚು ಗೆಲ್ಲುತ್ತೇನೆ" ಎನ್ನುವವರು ಯಾವ ದರಕ್ಕೆ ಗೆದ್ದರು ಎಂದು ಹೇಳದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ.

ಎರಡು ಸಂಸ್ಥೆಗಳ ದರ ಹೋಲಿಸಬೇಕೆಂದದ್ದೂ ಇದಕ್ಕೇ. ಒಂದೇ ತಂಡಕ್ಕೆ ಒಂದು ಕಡೆ 1.83, ಇನ್ನೊಂದು ಕಡೆ 1.91 ಇದ್ದರೆ, ನಷ್ಟವಿಲ್ಲದೆ ಉಳಿಯಲು ಮೊದಲನೆಯದಕ್ಕೆ ಶೇ 54.6 ಗೆಲುವು ಬೇಕು, ಎರಡನೆಯದಕ್ಕೆ ಶೇ 52.4 ಸಾಕು.

## ಹಂತ 5: ಗೋಲ್‌ಕೀಪರ್ ಯಾರೆಂದು ಖಚಿತವಾಗುವ ತನಕ ಕಾಯಿರಿ

ಐಸ್ ಹಾಕಿಯಲ್ಲಿ ದಾಳಿಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಎಷ್ಟೇ ದೊಡ್ಡ ತಾರೆಯಾದರೂ 60ರಲ್ಲಿ 20ರಿಂದ 25 ನಿಮಿಷ ಮಾತ್ರ ಮಂಜಿನ ಮೇಲಿರುತ್ತಾರೆ. ಗೋಲ್‌ಕೀಪರ್ ಒಬ್ಬರೇ ಪೂರ್ತಿ ಪಂದ್ಯ ನಿಲ್ಲುವವರು. 2024ರ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ ತಂಡಕ್ಕೆ ಕೊಡುವ ಕಪ್) ಫೈನಲ್‌ನಲ್ಲಿ ಎಡ್ಮಂಟನ್ ಆಯಿಲರ್ಸ್‌ನ ಕಾನರ್ ಮೆಕ್‌ಡೇವಿಡ್ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರೂ ಕಪ್ ಹೋದದ್ದು ಫ್ಲೋರಿಡಾ ಪ್ಯಾಂಥರ್ಸ್‌ಗೆ.

ಲೆಕ್ಕ ಹೀಗಿದೆ. ನೂರು ಹೊಡೆತಗಳಲ್ಲಿ 92 ತಡೆಯುವ ಗೋಲ್‌ಕೀಪರ್‌ಗೆ ರಾತ್ರಿಯೊಂದರಲ್ಲಿ 30 ಹೊಡೆತ ಬಂದರೆ ಸರಾಸರಿ 2.4 ಗೋಲು ಒಳಗೆ ಹೋಗುತ್ತವೆ. 89 ತಡೆಯುವವರ ಮೇಲೆ ಅದೇ 30 ಹೊಡೆತಕ್ಕೆ 3.3. ಹೆಚ್ಚುಕಡಿಮೆ ಒಂದು ಗೋಲಿನ ವ್ಯತ್ಯಾಸ! ಒಂದು ಗೋಲಿನಿಂದ ತೀರ್ಮಾನವಾಗುವ ಪಂದ್ಯಗಳು ಇಷ್ಟೊಂದಿರುವ ಆಟದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಯಾವುದೂ ಇಲ್ಲ.

ಪ್ರತಿ ತಂಡಕ್ಕೂ ಇಬ್ಬರು ಗೋಲ್‌ಕೀಪರ್. ಋತುವಿನ ಎಂಬತ್ತಕ್ಕೂ ಹೆಚ್ಚು ಪಂದ್ಯಗಳನ್ನು ಒಬ್ಬರೇ ಆಡಲಾರರು. ಸತತ ಎರಡು ರಾತ್ರಿ ಪಂದ್ಯವಿದ್ದರೆ ಒಂದರಲ್ಲಿ ಎರಡನೆಯವರು ನಿಲ್ಲುವುದು ವಾಡಿಕೆ. ತಾಣಗಳ ಪಟ್ಟಿಯಲ್ಲಿ ಹೆಸರಿನ ಪಕ್ಕ ಮೂರು ಬಗೆಯ ಗುರುತು ಕಾಣುತ್ತದೆ: ಖಚಿತ, ಸಂಭವನೀಯ, ಇನ್ನೂ ತಿಳಿದಿಲ್ಲ. ಖಚಿತ ಎಂಬುದನ್ನು ಮಾತ್ರ ನಂಬಿ. ಪಂದ್ಯದ ದಿನ ಬೆಳಗಿನ ಅಭ್ಯಾಸ ನಡೆದರೆ ಅಂದು ರಾತ್ರಿ ಆಡುವ ಗೋಲ್‌ಕೀಪರ್ ಸಾಮಾನ್ಯವಾಗಿ ಮೊದಲೇ ಅಂಗಳ ಬಿಟ್ಟು ಹೋಗುತ್ತಾರೆ, ಇನ್ನೊಬ್ಬರು ಉಳಿದು ಹೆಚ್ಚು ಹೊಡೆತ ಎದುರಿಸುತ್ತಾರೆ. ತಂಡದ ಜೊತೆ ಪಯಣಿಸುವ ವರದಿಗಾರರು ಇದನ್ನು ಕಂಡ ಕೂಡಲೇ ಬರೆಯುತ್ತಾರೆ. ಸತತ ಎರಡನೆಯ ರಾತ್ರಿ ಆಡುವ ತಂಡಕ್ಕೆ ಆ ದಿನ ಬೆಳಗಿನ ಅಭ್ಯಾಸ ಸಾಮಾನ್ಯವಾಗಿ ಇರುವುದಿಲ್ಲ. ಆಗ ಸಂಜೆಯ ವಾರ್ಮ್‌ಅಪ್‌ವರೆಗೆ ಕಾಯಬೇಕು. ತಂಡವನ್ನು ಮುನ್ನಡೆಸಿಕೊಂಡು ಮೊದಲು ಅಂಗಳಕ್ಕೆ ಇಳಿಯುವ ಗೋಲ್‌ಕೀಪರ್ ಯಾರೆಂದು ನೋಡಿ.

ಬೇಗ ಕಟ್ಟಿದರೆ ಒಳ್ಳೆಯ ದರ ಸಿಗುತ್ತದೆ ಎಂಬ ವಾದ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಅದು ಗೋಲ್‌ಕೀಪರ್ ಯಾರೆಂದು ಊಹಿಸಬಲ್ಲ ಅನುಭವಿಗಳಿಗೆ. ಹೊಸಬರು ಬೆಳಿಗ್ಗೆ ಕಟ್ಟಿ, ಮಧ್ಯಾಹ್ನ ಎರಡನೆಯ ಗೋಲ್‌ಕೀಪರ್ ಹೆಸರು ಬಂದು, ದರ ತಮ್ಮ ವಿರುದ್ಧ ಜಾರಿದ್ದನ್ನು ನೋಡುತ್ತಾ ಕೂರುತ್ತಾರೆ.

## ಹಂತ 6: ವೇಳಾಪಟ್ಟಿ ಮತ್ತು ಗಾಯಾಳುಗಳು

ತಂಡ ನಿನ್ನೆ ಆಡಿತ್ತೇ? ಪ್ರಯಾಣ ಎಷ್ಟು ದೂರ? ಲಾಸ್ ಏಂಜಲೀಸ್‌ನಿಂದ ಬಾಸ್ಟನ್‌ಗೆ ಹೋದರೆ ಮೂರು ಗಂಟೆಯ ಸಮಯ ವ್ಯತ್ಯಾಸ. ಎದುರಾಳಿಗೆ ಎರಡು ದಿನ ವಿಶ್ರಾಂತಿ ಸಿಕ್ಕು ಇವರು ರಾತ್ರಿಯೆಲ್ಲ ವಿಮಾನದಲ್ಲಿದ್ದರೆ ಅದು ಮೂರನೆಯ ಅವಧಿಯಲ್ಲಿ ಕಾಲಿನಲ್ಲಿ ಕಾಣುತ್ತದೆ.

ಗಾಯದ ಸುದ್ದಿಯಲ್ಲಿ ಗೋಲು ಹೊಡೆಯುವವರ ಹೆಸರಷ್ಟೇ ನೋಡಬೇಡಿ. ಮೊದಲ ಜೋಡಿಯ ರಕ್ಷಣೆಗಾರ ಇಲ್ಲದಿದ್ದರೆ ನಷ್ಟ ಅಷ್ಟೇ ದೊಡ್ಡದು. ತವರಿನ ಅನುಕೂಲ ಇದೆ, ಆದರೆ ಸಣ್ಣದು. ಆಟಗಾರರನ್ನು ಬದಲಿಸುವಾಗ ಕೊನೆಯ ಅವಕಾಶ ತವರಿನ ಕೋಚ್‌ಗೆ ಸಿಗುತ್ತದೆ. ಎದುರಾಳಿ ಯಾರನ್ನು ಇಳಿಸಿದರು ಎಂದು ನೋಡಿ ತಮ್ಮವರನ್ನು ಕಳುಹಿಸಬಹುದು. ಇದೆಲ್ಲ ದರದಲ್ಲಿ ಬಹುಮಟ್ಟಿಗೆ ಸೇರಿರುವುದರಿಂದ "ತವರಿನ ತಂಡ, ಗೆದ್ದೇ ಗೆಲ್ಲುತ್ತದೆ" ಎಂದು ಕಟ್ಟಬೇಡಿ.

ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗಿನ ಪಂದ್ಯಗಳಲ್ಲಿ ಎಚ್ಚರ ಇನ್ನೂ ಹೆಚ್ಚಿರಲಿ. ಸ್ಥಾನ ಭದ್ರವಾದ ತಂಡ ತಾರೆಗಳಿಗೆ ವಿಶ್ರಾಂತಿ ಕೊಡುತ್ತದೆ, ಹೊರಬಿದ್ದ ತಂಡ ಹುಡುಗರನ್ನು ಪರೀಕ್ಷಿಸುತ್ತದೆ.

## ಹಂತ 7: ಗೆಲುವು-ಸೋಲಿನ ಪಟ್ಟಿ ಬಿಟ್ಟು ಹೊಡೆತಗಳ ಪಟ್ಟಿ ನೋಡಿ

ಪಂದ್ಯಕ್ಕೆ ಒಟ್ಟು ಆರು ಗೋಲು ಬರುವ ಆಟದಲ್ಲಿ ಐದು ಪಂದ್ಯಗಳ ಫಲಿತಾಂಶ ಹೇಳುವುದು ಬಹಳ ಕಡಿಮೆ. 2018-19ರಲ್ಲಿ 62 ಪಂದ್ಯ ಗೆದ್ದ ಟ್ಯಾಂಪಾ ಬೇ ಲೈಟ್ನಿಂಗ್ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಕೊಲಂಬಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತಿತು. 2022-23ರಲ್ಲಿ 65 ಗೆಲುವಿನ ದಾಖಲೆ ಬರೆದ ಬಾಸ್ಟನ್ ಬ್ರೂಯಿನ್ಸ್ ಕೂಡ ಮೊದಲ ಸುತ್ತಿನಲ್ಲೇ ಫ್ಲೋರಿಡಾಕ್ಕೆ ಶರಣಾಯಿತು. ಬಲವಾದ ತಂಡಕ್ಕೆ ಯಾವ ಬೆಲೆಯಾದರೂ ಕೊಡಬಹುದು ಎನ್ನುವವರು ಈ ಎರಡನ್ನು ನೆನಪಿಟ್ಟುಕೊಳ್ಳಲಿ.

ನೋಡಬೇಕಾದದ್ದು ಐವರು ಐವರ ಎದುರು ಆಡುವಾಗಿನ ಅಂಕಿ. ಕಾರ್ಸಿ ಎಂದರೆ ಗೋಲಿನತ್ತ ಮಾಡಿದ ಒಟ್ಟು ಪ್ರಯತ್ನಗಳು: ಗುರಿ ಮುಟ್ಟಿದ್ದು, ತಪ್ಪಿದ್ದು, ತಡೆಯಲ್ಪಟ್ಟದ್ದು ಎಲ್ಲ ಸೇರಿ. ನಿರೀಕ್ಷಿತ ಗೋಲು ಎಂಬುದು ಪ್ರತಿ ಹೊಡೆತ ಎಲ್ಲಿಂದ, ಯಾವ ಕೋನದಿಂದ ಬಂತೆಂಬುದಕ್ಕೆ ತೂಕ ಕೊಡುತ್ತದೆ. ಎರಡರಲ್ಲೂ ಎರಡು ಕಡೆಯ ಒಟ್ಟು ಮೊತ್ತದ ಶೇ 50ಕ್ಕಿಂತ ಹೆಚ್ಚು ಪಾಲು ಪಡೆದ ತಂಡ ಆಟದ ಹಿಡಿತ ಹೊಂದಿದೆ ಎಂದರ್ಥ. ಕನಿಷ್ಠ 20-25 ಪಂದ್ಯಗಳ ಅಂಕಿ ತೆಗೆದುಕೊಳ್ಳಿ.

ಪಿಡಿಒ ಎಂಬ ಮೂರನೆಯ ಸಂಖ್ಯೆ ತಂಡ ಗೋಲಾಗಿಸಿದ ಹೊಡೆತಗಳ ಶೇಕಡಾ ಮತ್ತು ತಡೆದ ಹೊಡೆತಗಳ ಶೇಕಡಾ ಕೂಡಿದ ಮೊತ್ತ. ಲೀಗ್‌ನ ಸರಾಸರಿ 100. ಹೊಡೆತಗಳಲ್ಲಿ ಹಿಂದಿದ್ದೂ 103ರಲ್ಲಿ ತೇಲುತ್ತಿರುವ ತಂಡದ ಗೆಲುವಿನ ಸರಣಿ ಹೆಚ್ಚು ದಿನ ಬಾಳುವುದಿಲ್ಲ. ಜನ ಮುಗಿಬಿದ್ದು ಹಣ ಕಟ್ಟುವುದು ಇಂಥ ತಂಡದ ಮೇಲೆಯೇ.

ಒಂದು ಎಚ್ಚರಿಕೆ: ಮುನ್ನಡೆ ಪಡೆದ ತಂಡ ಹಿಂದೆ ಸರಿದು ರಕ್ಷಣೆಗೆ ನಿಲ್ಲುತ್ತದೆ, ಸೋಲುತ್ತಿರುವ ತಂಡ ಕಂಡಲ್ಲಿಂದ ಹೊಡೆಯುತ್ತದೆ. ಒಂದು ಪಂದ್ಯದ 40-25 ಹೊಡೆತಗಳ ಅಂಕಿ ನೋಡಿ "ಇವರೇ ಚೆನ್ನಾಗಿ ಆಡಿದರು" ಎಂದು ತೀರ್ಮಾನಿಸಬೇಡಿ. ಅಂಕ ಸಮವಿದ್ದಾಗಿನ ಅಂಕಿಯನ್ನು ಬೇರ್ಪಡಿಸಿ ತೋರಿಸುವ ಸೌಲಭ್ಯ ನ್ಯಾಚುರಲ್ ಸ್ಟ್ಯಾಟ್ ಟ್ರಿಕ್ ತಾಣದಲ್ಲಿದೆ, ಬಳಸಿ.

## ಹಂತ 8: ನಿಮ್ಮ ಅಂದಾಜು ಮೊದಲು ಬರೆಯಿರಿ, ದರ ಆಮೇಲೆ ತೆರೆಯಿರಿ

ಗೋಲ್‌ಕೀಪರ್, ವಿಶ್ರಾಂತಿ, ಹೊಡೆತಗಳು ಮೂರನ್ನೂ ನೋಡಿ ಒಂದು ಸಂಖ್ಯೆ ಬರೆಯಿರಿ. "ಟೊರಾಂಟೊ ಗೆಲ್ಲುತ್ತದೆ" ಎಂದಲ್ಲ, "ಟೊರಾಂಟೊ ಶೇ 55" ಎಂದು. ದರ ನೋಡಿದ ಮೇಲೆ ಬರೆದರೆ ಅದು ನಿಮ್ಮ ಅಂದಾಜಾಗಿ ಉಳಿಯುವುದಿಲ್ಲ. ದರವೇ ನಿಮ್ಮ ಕೈಯಿಂದ ಬರೆಸುತ್ತದೆ.

ಈಗ ಹೋಲಿಸಿ. ದರ 1.75 ಇದ್ದರೆ ಶೇ 57.1ರ ಬೆಲೆ, ನಿಮ್ಮ 55ಕ್ಕಿಂತ ದುಬಾರಿ, ಬಿಡಿ. 1.95 ಇದ್ದರೆ ಶೇ 51.3, ನಿಮಗೆ ಮೂರೂ ಮುಕ್ಕಾಲು ಅಂಶಗಳ ಅಂತರವಿದೆ, ಕಟ್ಟಬಹುದು. ಅಂತರ ಕನಿಷ್ಠ ಮೂರು ಅಂಶಗಳಾದರೂ ಇರಲಿ, ಏಕೆಂದರೆ ನಿಮ್ಮ ಅಂದಾಜೂ ತಪ್ಪಬಹುದು. ನಿಮ್ಮ ಸಂಖ್ಯೆ ಮಾರುಕಟ್ಟೆಗಿಂತ ಹತ್ತು ಹನ್ನೆರಡು ಅಂಶ ದೂರವಿದ್ದರೆ ಸಂತೋಷಪಡಬೇಡಿ. ಗೋಲ್‌ಕೀಪರ್ ಬದಲಾದದ್ದೋ ಯಾರೋ ಗಾಯಗೊಂಡದ್ದೋ ನಿಮ್ಮ ಕಣ್ಣು ತಪ್ಪಿರುವ ಸಾಧ್ಯತೆಯೇ ಹೆಚ್ಚು. ಐದನೆಯ ಹಂತಕ್ಕೆ ಹಿಂದಿರುಗಿ.

ಹೆಚ್ಚಿನ ರಾತ್ರಿಗಳಲ್ಲಿ ಉತ್ತರ "ಕಟ್ಟಬೇಡ" ಎಂದೇ ಬರುತ್ತದೆ. ಅದು ಸರಿಯಾದ ಉತ್ತರ.

## ಹಂತ 9: ಪ್ರತಿ ಬಾಜಿಯನ್ನೂ ದಾಖಲಿಸಿ

ದಿನಾಂಕ, ಪಂದ್ಯ, ಮಾರುಕಟ್ಟೆ, ನಿಮ್ಮ ಶೇಕಡಾ, ಸಿಕ್ಕ ದರ, ಪಂದ್ಯ ಶುರುವಾಗುವ ಹೊತ್ತಿನ ದರ, ಫಲಿತಾಂಶ. ಇವುಗಳಲ್ಲಿ ಜನ ಬಿಟ್ಟುಬಿಡುವುದು ಕೊನೆಯ ಹೊತ್ತಿನ ದರವನ್ನು, ಅದೇ ಅತಿ ಮುಖ್ಯವಾದದ್ದು. ನೀವು 2.05ಕ್ಕೆ ಕಟ್ಟಿದ್ದು ಪಂದ್ಯದ ಹೊತ್ತಿಗೆ 1.90ಕ್ಕೆ ಇಳಿದಿದ್ದರೆ ನಿಮ್ಮ ಓದು ಸರಿಯಿತ್ತು, ಸೋತರೂ ಸರಿಯೇ. ಸತತವಾಗಿ ಇದು ತಿರುವುಮುರುವಾಗುತ್ತಿದ್ದರೆ, ಸದ್ಯ ಗೆಲ್ಲುತ್ತಿದ್ದರೂ ಅದು ಅದೃಷ್ಟ ಮಾತ್ರ.

## ಪದೇ ಪದೇ ಆಗುವ ತಪ್ಪುಗಳು

ಪಾರ್ಲೆ ಮೋಹ. ಮೂರು ಪಂದ್ಯ ಸೇರಿಸಿ ಒಂದೇ ಬಾಜಿ ಕಟ್ಟಿದರೆ ಸಂಸ್ಥೆಯ ಪಾಲೂ ಗುಣಾಕಾರವಾಗುತ್ತದೆ. ತಲಾ ಶೇ 50 ಸಾಧ್ಯತೆಯ, 1.91 ದರದ ಮೂರು ಬಾಜಿ ಸೇರಿದರೆ ಸಿಗುವುದು ಸುಮಾರು 6.97, ನ್ಯಾಯವಾದ ದರ 8. ಒಂಟಿ ಬಾಜಿಯಲ್ಲಿ ನೂರಕ್ಕೆ ನಾಲ್ಕೂವರೆ ಡಾಲರ್ ಸೋರುವ ಕಡೆ ಇಲ್ಲಿ ಹದಿಮೂರು ಸೋರುತ್ತದೆ. ಆ್ಯಪ್‌ನ ಮುಖಪುಟದಲ್ಲಿ ಪಾರ್ಲೆಯೇ ಹೊಳೆಯುವುದಕ್ಕೆ ಕಾರಣ ಇದು.

ಪಂದ್ಯದ ನಡುವೆ ಬೆನ್ನಟ್ಟುವುದು. ಮೊದಲ ಅವಧಿಯಲ್ಲಿ 0-2 ಹಿಂದೆ ಬಿದ್ದಾಗ ಇನ್ನೊಮ್ಮೆ ಕಟ್ಟುವುದು. ನೀವು ಟಿವಿಯಲ್ಲಿ ನೋಡುತ್ತಿರುವುದು ಹಲವು ಸೆಕೆಂಡು ಹಳೆಯದು, ದರ ಹಾಕುವವರ ಬಳಿ ಇರುವುದು ಈ ಕ್ಷಣದ್ದು.

ದುಬಾರಿ ತಂಡವನ್ನು −1.5ರಲ್ಲಿ "ಅಗ್ಗ" ಮಾಡಿಕೊಳ್ಳುವುದು. ಮನಿಲೈನ್ −220 ಕಂಡು ಬೇಸರಪಟ್ಟು ಪಕ್ ಲೈನ್‌ಗೆ ಹೋಗುತ್ತಾರೆ. ಒಂದು ಗೋಲಿನ ಗೆಲುವುಗಳು ಎಷ್ಟೊಂದು ಎಂಬುದನ್ನು ಮರೆಯುತ್ತಾರೆ.

ಸ್ವಂತ ತಂಡ. ಟೊರಾಂಟೊ ಮೇಪಲ್ ಲೀಫ್ಸ್ ಅಭಿಮಾನಿ ಲೀಫ್ಸ್ ಪಂದ್ಯಕ್ಕೆ ಬರೆಯುವ ಶೇಕಡಾ ಸಾಮಾನ್ಯವಾಗಿ ಒಂದಿಷ್ಟು ಹೆಚ್ಚಿರುತ್ತದೆ. ನಿಮ್ಮ ತಂಡದ ಪಂದ್ಯವನ್ನು ಸುಮ್ಮನೆ ನೋಡಿ ಆನಂದಿಸಿ.

ಬೋನಸ್. "ಉಚಿತ" ಮೊತ್ತವನ್ನು ಎಷ್ಟು ಸಲ ಬಾಜಿಗೆ ಹಾಕಿದ ಮೇಲೆ ಹಿಂಪಡೆಯಬಹುದು ಎಂಬ ಷರತ್ತು ಓದದೆ ಮುಟ್ಟಬೇಡಿ.

## ನಿಲ್ಲಿಸಬೇಕಾದ ಸೂಚನೆಗಳು

ಹೊರಗಿನಿಂದ ಬರುವ ಸೂಚನೆಗಳು ಮೊದಲು. ಟೆಲಿಗ್ರಾಂ ಅಥವಾ ವಾಟ್ಸ್ಆ್ಯಪ್ ಗುಂಪಿನಲ್ಲಿ "ಈ ಪಂದ್ಯ ಫಿಕ್ಸ್ ಆಗಿದೆ, ಮುಂಗಡ ಕಳುಹಿಸಿ" ಎಂದರೆ ಅದು ವಂಚನೆ. ಗೆದ್ದ ಹಣ ಹಿಂಪಡೆಯಲು "ಮೊದಲು ತೆರಿಗೆ ಕಟ್ಟಿ" ಎಂದು ತಾಣ ಕೇಳಿದರೆ ಅದೂ ವಂಚನೆಯೇ. ಇನ್ನೊಂದು ಡಾಲರ್ ಕಳುಹಿಸದೆ ಬ್ಯಾಂಕಿಗೆ ತಿಳಿಸಿ. ಗೆಳೆಯರ ಹೆಸರಿನ ಖಾತೆಯಲ್ಲಿ ಆಡಲು ಯಾರಾದರೂ ಕರೆದರೆ ಒಪ್ಪಬೇಡಿ. ಗುರುತು ಪರಿಶೀಲನೆ ಬಂದ ದಿನ ಇಬ್ಬರ ಹಣವೂ ನಿಂತುಹೋಗುತ್ತದೆ.

ಒಳಗಿನಿಂದ ಬರುವ ಸೂಚನೆಗಳು ಹೆಚ್ಚು ಮೌನವಾಗಿರುತ್ತವೆ. ಬಾಜಿಯ ಮೊತ್ತ ಗರಿಷ್ಠ ಮಿತಿಯಾದ ಶೇ 2 ದಾಟಿ ಏರುತ್ತಿದೆ. ನಿನ್ನೆ ಕಳೆದದ್ದನ್ನು ಇಂದೇ ಮರಳಿ ಪಡೆಯಬೇಕೆನ್ನಿಸುತ್ತಿದೆ. ತಂಡದ ಹೆಸರೂ ಸರಿಯಾಗಿ ಗೊತ್ತಿಲ್ಲದ ಯುರೋಪಿನ ಲೀಗ್ ಪಂದ್ಯಕ್ಕೆ ನಸುಕಿನಲ್ಲಿ ಕಟ್ಟುತ್ತಿದ್ದೀರಿ. ಹೆಂಡತಿಗೋ ಗಂಡನಿಗೋ ಮೊತ್ತ ಕಡಿಮೆ ಹೇಳುತ್ತಿದ್ದೀರಿ. ದಾಖಲೆ ಪುಸ್ತಕ ತೆರೆಯಲು ಮನಸ್ಸಾಗುತ್ತಿಲ್ಲ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ದಿನವೇ ನಿಲ್ಲಿಸಿ, ಮನೆಯಲ್ಲಿ ಒಬ್ಬರಿಗಾದರೂ ನಿಜ ಮೊತ್ತ ಹೇಳಿ.

ಪರವಾನಗಿ ಪಡೆದ ಆ್ಯಪ್‌ಗಳಲ್ಲಿ ಜವಾಬ್ದಾರಿಯುತ ಆಟದ ವಿಭಾಗದೊಳಗೆ ಸ್ವಯಂ ಹೊರಗುಳಿಯುವ ಆಯ್ಕೆ ಇದೆ. ಒತ್ತಿದ ಮೇಲೆ ಆರಿಸಿದ ಅವಧಿ ಮುಗಿಯುವ ತನಕ ಖಾತೆ ತೆರೆಯುವುದಿಲ್ಲ. ಒಂದಕ್ಕಿಂತ ಹೆಚ್ಚು ಸಂಸ್ಥೆಗಳಲ್ಲಿ ಖಾತೆ ಇದ್ದರೆ ಎಲ್ಲ ಕಡೆ ನಿಮ್ಮ ಹೆಸರು ಹೊರಗುಳಿದಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ. ಒಂಟಾರಿಯೊದಲ್ಲಿ ಕನೆಕ್ಸ್‌ಒಂಟಾರಿಯೊ ಸಹಾಯವಾಣಿ 1-866-531-2600 ಹಗಲಿರುಳೂ ಉಚಿತವಾಗಿ ಸಿಗುತ್ತದೆ. ಆಡುವವರಷ್ಟೇ ಅಲ್ಲ, ಅವರ ಮನೆಯವರೂ ಕರೆ ಮಾಡಬಹುದು.